ಸೂಜಿ ಹಾಕಪ್ಪಾ!

ವೈದ್ಯನಾಗುವುದಕ್ಕೆ ಮುಂಚೆ, ರೋಗಿಗಳೆಲ್ಲ ಪುಸ್ತಕದಲ್ಲಿರುವಂತೆಯೇ ಇರುತ್ತಾರೆಂದು ನಂಬಿದ್ದೆ. ಪುಸ್ತಕದ ರೋಗಿ ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತಾನೆ. ಕೊಟ್ಟ ಗುಳಿಗೆಯನ್ನು ತೆಪ್ಪಗೆ ನುಂಗುತ್ತಾನೆ. ಹೌಸ್ ಸರ್ಜನ್ ಆಗಿ ಚಿಕ್ಕಬಳ್ಳಾಪುರದ ಸೀಮೆಗೆ ಬಂದ ಮೇಲೆ ಆ ಭ್ರಮೆ ಒಂದೇ ವಾರದಲ್ಲಿ ಕರಗಿತು.

2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆ ಇದು. ಗೌರಿಬಿದನೂರಿನ ಕಡೆಯಿಂದ, ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿದು ಕೀಲು ಬಿಗಿದ ರೈತರು ಬರುತ್ತಿದ್ದರು. ಚಿಂತಾಮಣಿಯ ಕಡೆಯವರು ನೋವನ್ನು ತೆಲುಗಿನಲ್ಲಿ ಹೇಳಿ, ನನಗೆ ಚೆನ್ನಾಗಿ ತಿಳಿಯಲೆಂದು ಕನ್ನಡದಲ್ಲಿ ಬೈಯುತ್ತಿದ್ದರು. ಇವರನ್ನೆಲ್ಲ ಹೇಗೋ ನಿಭಾಯಿಸಿದೆ. ಸೋತದ್ದು ಶಿಡ್ಲಘಟ್ಟದ ಒಬ್ಬ ತಾತನ ಮುಂದೆ.

ತಾತನಿಗೆ ಉಬ್ಬಸ. ಫಿಲೇಚರ್‌ನಲ್ಲಿ ರೇಷ್ಮೆ ಬಿಚ್ಚುವ ಕೆಲಸ. ವಾರಕ್ಕೊಮ್ಮೆ ಸಾಲನ್ನು ತಳ್ಳಿಕೊಂಡು ಬಂದು, "ಮಾತು ಬ್ಯಾಡ, ಸೂಜಿ ಹಾಕಪ್ಪಾ" ಎನ್ನುವರು. ಇನ್‌ಹೇಲರ್ ಕೊಟ್ಟರೆ ಮೇಜಿನ ಮೇಲೆ ಕುಕ್ಕಿ, "ಇದು ಚಟ ಹಿಡೀತದೆ. ನಿಂಗೆ ತಿಳೀದಿದ್ರೆ ದೊಡ್ಡ ಡಾಕ್ಟ್ರನ್ನ ಕರಿ" ಎನ್ನುವರು. ಮೂರನೆಯ ಸಲ ನನ್ನ ತಾಳ್ಮೆ ಕೆಟ್ಟಿತು. ಹಿಂದಿನ ರಾತ್ರಿ ನಿದ್ದೆಯಿರಲಿಲ್ಲವೆಂಬುದು ಕಾರಣವೇ ಹೊರತು ಸಮರ್ಥನೆಯಲ್ಲ. "ಹಾಗಾದರೆ ಇಲ್ಲಿಗೆ ಬರಲೇಬೇಡಿ!" ಎಂದು ಕೂಗಿಬಿಟ್ಟೆ. ತಾತ ಏನೂ ಅನ್ನದೆ, ಗೋಡೆ ಹಿಡಿದುಕೊಂಡು ಹೊರಟುಹೋದರು.

"ಅವರ ಕೈ ನೋಡಿದಿರಾ, ಡಾಕ್ಟ್ರೇ?" ಎಂದರು ಹಿರಿಯ ನರ್ಸಮ್ಮ, ಮೆಲ್ಲಗೆ.

ನೋಡಿರಲಿಲ್ಲ. ಎದೆಗೆ ಸ್ಟೆತಸ್ಕೋಪು ಇಟ್ಟಿದ್ದೆ, ಅಷ್ಟೆ. ಓಡಿಹೋದೆ. ಗೇಟಿನ ಬಳಿಯ ಕಲ್ಲಿನ ಮೇಲೆ ತಾತ ಏದುತ್ತ ಕುಳಿತಿದ್ದರು. ಒಳಗೆ ಕರೆತಂದು ನೆಬ್ಯುಲೈಸರ್ ಹಿಡಿದು, ಉಸಿರು ತಹಬಂದಿಗೆ ಬಂದ ಮೇಲೆ ಕೈ ನೋಡಿದೆ. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿಗಳು ಬಿಳಿಚಿ ಒಡೆದಿದ್ದವು. ರಜೆಯಲ್ಲಿ ಉಸಿರು ಹೇಗಿರುತ್ತದೆಂದು ಕೇಳಿದೆ.

"ಮಗಳ ಊರಿಗೆ ಹೋದ್ರೆ ಚೆನ್ನಾಗೇ ಇರ್ತೀನಿ."

ಒಂದೇ ಮಾತಿನಲ್ಲಿ ರೋಗ ಸಿಕ್ಕಿತು. ಗೂಡಿನ ಧೂಳು, ಹುಳುವಿನ ಅಂಶ ಒಗ್ಗದೆ ಕೆಲವು ಕೆಲಸಗಾರರಿಗೆ ಉಬ್ಬಸ ಬರುವುದುಂಟು. ಕೆಲಸದಿಂದ ದೂರವಿದ್ದಾಗ ಅದು ಇಳಿಯುತ್ತದೆ. ಸೂಜಿಯ ಹಟವೂ ಆಗ ತಿಳಿಯಿತು: ಸೂಜಿ ಹಾಕಿಸಿಕೊಂಡರೆ ಮಧ್ಯಾಹ್ನವೇ ಕೆಲಸಕ್ಕೆ ಹೋಗಬಹುದು, ಇಲ್ಲವಾದರೆ ಆ ದಿನದ ಕೂಲಿ ಹೋಯಿತು. ಕೆಲಸ ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಿಟಕಿಯ ಪಕ್ಕ ಕೂರಿ, ಮೂಗಿಗೆ ಬಟ್ಟೆ ಕಟ್ಟಿ, ಇದನ್ನು ದಿನಾ ಎಳೆದುಕೊಳ್ಳಿ, ಚಟವಲ್ಲ ಎಂದು ತೋರಿಸಿಕೊಟ್ಟೆ.

ವೈದ್ಯರ ಮೇಲೆ ಕೈಮಾಡುವವರಿಗೆ ಕರ್ನಾಟಕದಲ್ಲಿ 2009ರ ಕಾನೂನಿದೆ, ಅದು ಬೇಕಾದದ್ದೇ. ಆದರೆ ಬರಿದೆ ಗದರುವ ರೋಗಿಗೆ ಕಾನೂನಿನಲ್ಲಿ ಮದ್ದಿಲ್ಲ. ಅವನಿಗೆ ಇನ್ನೊಂದು ಪ್ರಶ್ನೆ ಕೇಳಬೇಕು, ಅಷ್ಟೆ.

ಮುಂದಿನ ತಿಂಗಳು ತಾತ ಸಾಲು ತಳ್ಳಿಕೊಂಡೇ ಬಂದರು. ಸೂಜಿಯ ಮಾತೆತ್ತಲಿಲ್ಲ. "ಇದು ಮುಗೀತು, ಬೇಗ ಇನ್ನೊಂದು ಕೊಡು" ಎಂದು ಗದರಿದರು. ನಾನು ತೆಪ್ಪಗೆ ಬರೆದುಕೊಟ್ಟೆ.