ನಮ್ಮ ನಾಯಿಗೂಡು

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ ಎಂದರೆ ಅದು ಪೂರ್ಣ ಸತ್ಯವಾಗಲಾರದು. ನಮ್ಮ ಮನೆಯಲ್ಲಿ ಒಂದು ನಾಯಿಗೂಡು ಇದೆ, ನಾಯಿಗಳು ಊರಿನಲ್ಲಿವೆ. ಗೂಡಿನ ಬಾಗಿಲಿಗೆ ಚಿಲಕವಿದೆ, ಚಿಲಕಕ್ಕೆ ಸುತ್ತಿದ ತಂತಿಯಿದೆ, ಸಾಲದೆಂದು ಒಂದು ಬೀಗವೂ ಇದೆ. ಇವೆಲ್ಲ ಭದ್ರವಾಗಿರುವಾಗಲೇ ನಾಯಿಗಳೆರಡೂ ಗೂಡಿನ ಹೊರಗೆ, ಬಾಗಿಲಿಗೆ ಮುಖ ಮಾಡಿ, ಊಟದ ಹೊತ್ತು ಮೀರಿದರೂ ಈ ಮನುಷ್ಯ ನಮ್ಮನ್ನು ಒಳಗೆ ಬಿಡಲೊಲ್ಲನಲ್ಲ ಎಂಬಂತೆ ನೊಂದ ಮುಖದಿಂದ ಕುಳಿತಿರುತ್ತವೆ.

ಪೇಟೆಯ ವಾಚಕರಿಗೆ ನಮ್ಮ ಊರಿನ ಭೂಗೋಳವನ್ನು ಸ್ವಲ್ಪ ಹೇಳಬೇಕು. ನಮ್ಮ ತೋಟವಿರುವುದು ಸವಣೂರಿನಿಂದ ಬೆಳ್ಳಾರೆಗೆ ಹೋಗುವ ಕಡೆಯಲ್ಲಿ. ಮೊದಲು ಇಲ್ಲಿ ಎರಡೇ ತಾಲೂಕುಗಳ ಮಾತು: ಪುತ್ತೂರು, ಸುಳ್ಯ. ಈಚೆಗೆ ಆ ಎರಡರಿಂದಲೂ ಗ್ರಾಮಗಳನ್ನು ತೆಗೆದು ಕಡಬ ತಾಲೂಕನ್ನು ಮಾಡಿದ ಮೇಲೆ ಮೂರಾದವು. ನಮ್ಮಂಥವರು ಯಾವ ಕಾಗದಕ್ಕೆ ಯಾವ ಕಚೇರಿಗೆ ಹೋಗಬೇಕೆಂದು ತಿಳಿಯದೆ ಕೆಲವು ಕಾಲ ಒದ್ದಾಡಿದೆವು. ನಮ್ಮ ನಾಯಿಗಳಿಗೆ ಈ ತೊಂದರೆಯಾಗಲಿಲ್ಲ. ಯಾವ ತಾಲೂಕಿನ ಆರ್.ಟಿ.ಸಿ.ಯಲ್ಲೂ ಅವುಗಳ ಹೆಸರಿಲ್ಲವಾದ್ದರಿಂದ ಒಂದರಲ್ಲಿ ಮಲಗಿ, ಇನ್ನೊಂದರಲ್ಲಿ ಉಂಡು, ಮತ್ತೊಂದರಲ್ಲಿ ಕಚ್ಚಾಡಿ ಬರುತ್ತವೆ.

ದೊಡ್ಡದರ ಹೆಸರು ಬೊಗ್ಗು. ಕೆಂಚು ಬಣ್ಣ, ಎಡಗಿವಿಯ ತುದಿ ಯಾವುದೋ ಯುದ್ಧದಲ್ಲಿ ಹರಿದುಹೋಗಿದೆ. ಸಣ್ಣದು ಟೈಗರ್. ಹೆಸರನ್ನು ಇಟ್ಟವನು ನನ್ನ ಮಗ. ನಾಯಿಯನ್ನು ನೋಡಿ ಇಟ್ಟದ್ದಲ್ಲ. ಏಪ್ರಿಲ್ 17ರ ರಾತ್ರಿ ಪುತ್ತೂರು ಮಹಾಲಿಂಗೇಶ್ವರ ದೇವರ ರಥೋತ್ಸವದ ಬೆಡಿಯ ಸದ್ದು ಗಾಳಿ ಬೀಸಿದರೆ ನಮ್ಮಲ್ಲಿಗೂ ಸಣ್ಣಗೆ ಕೇಳುತ್ತದೆ. ಆ ರಾತ್ರಿ ಟೈಗರ್ ಗೂಡಿನಿಂದ ತಪ್ಪಿಸಿಕೊಂಡು ಓಡುವುದು ಹೊರಗಲ್ಲ, ಒಳಗೆ. ನನ್ನ ಮಂಚದ ಅಡಿಗೆ.

ನಮ್ಮ ತಂದೆಯವರ ಕಾಲದಲ್ಲಿ ನಾಯಿಗೆ ಗೂಡಿರಲಿಲ್ಲ. ಸಂಜೆ ಬಿಟ್ಟರೆ ಬೆಳಿಗ್ಗೆ ತಾನೇ ಬಂದು ಜಗಲಿಯ ಕೆಳಗೆ ಮಲಗುತ್ತಿತ್ತು. ರಾತ್ರಿ ತೋಟಕ್ಕೆ ಬರುವ ಹಂದಿಯನ್ನೂ ಮುಳ್ಳುಹಂದಿಯನ್ನೂ ಬೆದರಿಸುವುದು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಕಾಯುವುದು ಅದರ ಉದ್ಯೋಗ. ಊರಿನವರು ಬೇಟೆಗೆ ಹೊರಟರೆ ಅವರ ಮುಂದೆ ಓಡುವುದು ಅದರ ವಿನೋದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಗೆ ನಿಷೇಧ ಬಂತು. ಆ ಕಾಯಿದೆಯ ಪ್ರತಿ ನಾಯಿಗಳ ಕೈಗೆ ಇನ್ನೂ ತಲುಪಿದಂತಿಲ್ಲ.

ನಾನು ಗೂಡು ಕಟ್ಟಿಸಿದ್ದು ಚಿರತೆಯ ದೆಸೆಯಿಂದ. ನಾಲ್ಕು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ರಾತ್ರಿ, ಮಳೆಯ ಸದ್ದಿನಲ್ಲಿ ನಮಗೆ ಒಂದಿಷ್ಟೂ ತಿಳಿಯದಂತೆ, ಅದು ಜಗಲಿಯಿಂದಲೇ ನಮ್ಮ ಹಳೆಯ ನಾಯಿಯನ್ನು ಒಯ್ದಿತು. ಬೆಳಿಗ್ಗೆ ಹುಡುಕಿದಾಗ ತೋಟದ ಅಗಳಿನ ಹತ್ತಿರ ಸಿಕ್ಕಿದ್ದು ಕೊರಳಪಟ್ಟಿ ಮಾತ್ರ. ಮುಂದೆ ಸಾಕುವುದಾದರೆ ಗೂಡಿನಲ್ಲಿಟ್ಟೇ ಸಾಕುವುದೆಂದು ನನ್ನಾಕೆ ಖಂಡಿತವಾಗಿ ಹೇಳಿದಳು.

ಸೊಂಟದೆತ್ತರಕ್ಕೆ ಮುರಕಲ್ಲಿನ ಗೋಡೆ, ಮೇಲೆ ಕಬ್ಬಿಣದ ಬಲೆ, ತಗಡಿನ ಮಾಡು. ಮುಂದೆ ಕಾಲಾಡಿಸಲು ಸ್ವಲ್ಪ ಜಾಗ ಬಿಟ್ಟು ಸುತ್ತ ಅಡಿಕೆ ದಬ್ಬೆಯ ಬೇಲಿ. ಕೆಲಸ ಮುಗಿದ ಸಂಜೆ ಮೇಸ್ತ್ರಿ, "ಇದರಿಂದ ಆನೆಗೂ ಹೊರಗೆ ಬರ್ಲಿಕ್ಕಾಗ್ಲಿಕ್ಕಿಲ್ಲ ಮಾಷ್ಟ್ರೇ" ಎಂದ. ಆನೆಯ ವಿಷಯವನ್ನು ನಾನು ಪರೀಕ್ಷಿಸಿಲ್ಲ. ಸುಬ್ರಹ್ಮಣ್ಯದ ಕಡೆಯ ಕಾಡುಗಳಿಂದ ಅವು ತೋಟಗಳಿಗೆ ಇಳಿಯುವುದುಂಟು. ನನ್ನ ಗೂಡಿನ ಸುದ್ದಿ ಅವಕ್ಕೆ ತಿಳಿಯದಿರಲಿ.

ಮೂರನೆಯ ದಿನ ಬೊಗ್ಗು ಬೇಲಿಯ ಅಡಿಯಲ್ಲಿ ಮಣ್ಣು ತೋಡಿ ಹೊರಬಂತು. ಗುಂಡಿಗೆ ಕಲ್ಲು ತುಂಬಿದೆ. ಅದರ ಪಕ್ಕದಲ್ಲಿ ತೋಡಿತು. ಅಲ್ಲಿಗೂ ಕಲ್ಲು ತುಂಬಿದೆ. ಹೀಗೆ ಬೇಲಿಯ ಸುತ್ತಲೂ ನನಗೆ ಖರ್ಚಿಲ್ಲದೆ ಒಂದು ಪಂಚಾಂಗವೇ ಆಯಿತು. ಟೈಗರ್ ಬುದ್ಧಿವಂತರ ಜಾತಿಗೆ ಸೇರಿದ್ದು, ಮೈ ಬಗ್ಗಿಸಿ ದುಡಿಯುವುದಿಲ್ಲ. ಅದು ಚಿಲಕವನ್ನು ಮೂತಿಯಿಂದ ಎತ್ತಲು ಕಲಿಯಿತು. ತಂತಿ ಸುತ್ತಿದೆ. ಮಳೆಗಾಲದಲ್ಲಿ ಮೊಳೆ ತುಕ್ಕು ಹಿಡಿದ ದಬ್ಬೆ ಯಾವುದೆಂದು ಅದು ಒಂದೊಂದನ್ನೇ ಹಲ್ಲಿನಿಂದ ಎಳೆದು ಕಂಡುಹಿಡಿಯಿತು. ಒಂದು ಗಾಳಿಮಳೆಗೆ ಅಡಿಕೆ ಮರವೊಂದು ಬೇಲಿಯ ಮೇಲೆ ಒರಗಿತು. ನಾನು ಹೋಗಿ ನೋಡುವಷ್ಟರಲ್ಲಿ ಅವೆರಡೂ ಅದನ್ನು ಸಂಕ ಮಾಡಿಕೊಂಡು ದಾಟಿದ್ದವು.

ಆಸ್ಟ್ರೇಲಿಯಾದವರು ಡಿಂಗೊ ಎಂಬ ಕಾಡುನಾಯಿಗಳಿಂದ ಕುರಿಗಳನ್ನು ಉಳಿಸಿಕೊಳ್ಳಲು ಹಾಕಿಕೊಂಡಿರುವ ಬೇಲಿ ಸುಮಾರು 5,600 ಕಿಲೋಮೀಟರ್ ಉದ್ದವಂತೆ. ಎಂದರೆ ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ, ಮುಕ್ಕಾಲು ದಾರಿ ಹಿಂದಕ್ಕೂ ಬರುವಷ್ಟು. ಅದನ್ನು ಸುತ್ತಿ ಸುತ್ತಿ ತೂತು ಮುಚ್ಚುವುದಕ್ಕೇ ಸಂಬಳದ ಜನರಿದ್ದಾರೆ. ಆದರೂ ಡಿಂಗೊಗಳು ನುಸುಳುತ್ತವೆ. ಇದನ್ನು ಓದಿದ ದಿನ ನಾನು ಎರಡು ತುತ್ತು ಹೆಚ್ಚಾಗಿ ಉಂಡೆ.

ನಮ್ಮ ತೋಟದಾಚೆ ತಡಮೆ ದಾಟಿದರೆ ಒಬ್ಬ ವೃದ್ಧೆಯ ಮನೆ. ಊರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಮಗ, ಸೊಸೆ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಎಂಟು ವರ್ಷದ ಮೊಮ್ಮಗ ಅಜ್ಜಿಯ ಬಳಿ ಇದ್ದು ಇಲ್ಲಿಯ ಶಾಲೆಗೆ ಹೋಗುತ್ತಾನೆ. ತಿಂಗಳಿಗೊಮ್ಮೆಯಾದರೂ ಅಕ್ಕ ತಡಮೆಯ ಹತ್ತಿರ ನಿಂತು ಕೂಗುತ್ತಾರೆ:

"ಮಾಷ್ಟ್ರೇ, ನಿಮ್ಮ ನಾಯಿ ಉಂಟಲ್ಲ..."

ಆ ವಾಕ್ಯ ಮುಗಿಯುವ ಮೊದಲೇ ನಾನು ಹಣದ ಚೀಲಕ್ಕೆ ಕೈ ಹಾಕುತ್ತೇನೆ. ಸತ್ತದ್ದು ಯಾವಾಗಲೂ ದಿನಕ್ಕೊಂದು ಮೊಟ್ಟೆಯಿಡುತ್ತಿದ್ದ ಹೇಂಟೆ. ಮೊಟ್ಟೆಯಿಡದ ಕೋಳಿಯನ್ನು ನಮ್ಮ ನಾಯಿಗಳು ಈವರೆಗೆ ಮುಟ್ಟಿದ್ದಿಲ್ಲ. ನಾನು ಒಮ್ಮೆಯೂ ಚೌಕಾಸಿ ಮಾಡಿಲ್ಲ, ಅಕ್ಕ ಒಮ್ಮೆಯೂ ಬೈದಿಲ್ಲ. ನೆರೆಹೊರೆ ಎಂದರೆ ಹೀಗೆಯೇ ಎಂದು ನಾನು ತಿಳಿದಿದ್ದೆ.

ಇನ್ನು ನನ್ನ ತಪ್ಪಿನ ಕತೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಹುಚ್ಚುನಾಯಿ ರೋಗಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನವದು. ಆ ಸುಮಾರಿಗೆ ಊರಿನಲ್ಲಿ ನಾಯಿಗಳಿಗೆ ಉಚಿತವಾಗಿ ಚುಚ್ಚುಮದ್ದು ಹಾಕುತ್ತಾರೆ. ಕಳೆದ ಸಲ ಬೆಳಿಗ್ಗೆ ಹಗ್ಗ ಹಿಡಿದುಕೊಂಡು ಗೂಡಿನ ಬಾಗಿಲು ತೆಗೆದೆ. ಗೂಡು ಖಾಲಿ. ಎರಡು ಹಗ್ಗ ಹಿಡಿದು, ನಾಯಿಗಳಿಲ್ಲದೆ, ಒಬ್ಬನೇ ಹೋದೆ. ವೈದ್ಯರು ನಕ್ಕರು, ನಾನೂ ನಕ್ಕೆ. ಮುಂದಿನ ವಾರ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತೇನೆ ಎಂದು ಬಂದೆ. ಮುಂದಿನ ವಾರ ಮಳೆ ಬಿಟ್ಟಿತು, ತೋಟಕ್ಕೆ ಮದ್ದು ಬಿಡುವವರು ಸಿಕ್ಕಿದರು. ಅದರ ಮುಂದಿನ ವಾರ ಮತ್ತೇನೋ. ಹಿಂದಿನ ವರ್ಷದ ಲಸಿಕೆಯ ಅವಧಿ ಮುಗಿದಿತ್ತು. ಅದು ನನಗೆ ಗೊತ್ತಿತ್ತು.

ದೀಪಾವಳಿ ಕಳೆದ ವಾರ, ಒಂದು ಸಂಜೆ ಅಕ್ಕ ತಡಮೆ ದಾಟಿ ನಮ್ಮ ಅಂಗಳಕ್ಕೇ ಬಂದರು. ಕೂಗಲಿಲ್ಲ. ಮೊಮ್ಮಗನ ಕೈ ಹಿಡಿದಿದ್ದರು. ಹುಡುಗನ ಮೀನಖಂಡದಲ್ಲಿ ಹಲ್ಲಿನ ಗುರುತು. ರಕ್ತ ಕಾಲಿಗಿಳಿದು ಒಣಗಿತ್ತು. ಶಾಲೆಯಿಂದ ಬರುವಾಗ ತೋಟದ ದಾರಿಯಲ್ಲಿ ಹಿಂದಿನಿಂದ ಬಂದು ಕಚ್ಚಿತಂತೆ. ಕೆಂಪು ನಾಯಿ, ಅಷ್ಟೇ.

ಕೆಂಪು ನಾಯಿಗಳು ಊರಿನಲ್ಲಿ ಹತ್ತಾರಿವೆ. ನಿಜವನ್ನೇ ಹೇಳಬೇಕಾದರೆ, ಮೊದಲ ಕ್ಷಣದಲ್ಲಿ ನನ್ನ ಮನಸ್ಸಿಗೆ ಬಂದದ್ದು ಹುಡುಗನ ಕಾಲಲ್ಲ, ಈ ಲೆಕ್ಕ. ಅಷ್ಟರಲ್ಲಿ ಅಕ್ಕ ಅಂದರು: "ನಿಮ್ಮದೇ ಆಗಿರ್ಲಿ ಮಾಷ್ಟ್ರೇ. ನಿಮ್ಮದೇ ಅಂತ ಹೇಳಿ."

ನನಗೆ ಅರ್ಥವಾಗಲಿಲ್ಲ. ನನ್ನಾಕೆಗೆ ಕೂಡಲೇ ಅರ್ಥವಾಯಿತು. ಕಚ್ಚಿದ್ದು ಎಲ್ಲಿಯದೋ ನಾಯಿಯಾದರೆ ಅದನ್ನು ಎಲ್ಲಿ ಹುಡುಕುವುದು, ಅದಕ್ಕೆ ಏನಿದೆಯೆಂದು ಯಾರು ಹೇಳುವುದು? ನಾಲ್ಕು ವರ್ಷ ನಮ್ಮ ನಾಯಿಗಳ ತಪ್ಪನ್ನು ಹೊತ್ತು ತಂದವರು ಈಗ ಈ ತಪ್ಪೂ ಅವುಗಳದೇ ಆಗಲೆಂದು ಬೇಡಲು ಬಂದಿದ್ದರು. ಹುಡುಗನನ್ನು ಗೂಡಿನ ಹತ್ತಿರ ಕರೆದುಕೊಂಡು ಹೋದೆ. ಎರಡೂ ಆಗಲೇ ಹೊರಗೆ ಸುತ್ತಿ ಬಂದು ಬಾಗಿಲಲ್ಲಿ ಕಾಯುತ್ತಿದ್ದವು. ಹುಡುಗ ನನ್ನ ಹಿಂದೆ ನಿಂತು ಹರಿದ ಕಿವಿಯನ್ನು ತೋರಿಸಿದ. ಬೊಗ್ಗು ಬಾಲ ಅಲ್ಲಾಡಿಸಿತು.

ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದೆವು. ಇದು ಎಲ್ಲರೂ ತಿಳಿದಿರಬೇಕಾದ ಮಾತು. ಅರಸಿನವಾಗಲಿ ಸುಣ್ಣವಾಗಲಿ ಹಚ್ಚಬಾರದು. ಆ ರಾತ್ರಿಯೇ ತಾಲೂಕು ಆಸ್ಪತ್ರೆಗೆ ಹೋದೆವು. ಗಾಯದ ಸುತ್ತ ಒಂದು ಮದ್ದು, ಎರಡೂ ತೋಳಿಗೆ ಲಸಿಕೆ; ಮತ್ತೆ 3ನೆಯ, 7ನೆಯ, 28ನೆಯ ದಿನ ಬರಬೇಕೆಂದರು. ನನ್ನ ಅಣ್ಣನಿಗೆ ಬಾಲ್ಯದಲ್ಲಿ ನಾಯಿ ಕಚ್ಚಿದಾಗ ಹೊಕ್ಕುಳಿನ ಸುತ್ತ 14 ಚುಚ್ಚಿದ್ದರು. ಅವನ ಕೂಗು ನನಗೆ ಇಂದಿಗೂ ಕೇಳಿಸುತ್ತದೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತಿದೆ. ಮದ್ದು ಬದಲಾಯಿತು, ರೋಗ ಬದಲಾಗಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು.

ವೈದ್ಯರು ನನ್ನ ಕಡೆ ತಿರುಗಿ, "ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿ" ಎಂದರು. ರೋಗ ನಾಯಿಯ ಜೊಲ್ಲಿಗೆ ಬರುವುದು ಅದು ಸಾಯುವ ಕೆಲವೇ ದಿನಗಳ ಮೊದಲು. ಕಚ್ಚಿದ ಹತ್ತು ದಿನಗಳಾದರೂ ನಾಯಿ ಗುಂಡುಕಲ್ಲಿನಂತಿದ್ದರೆ, ಕಚ್ಚಿದಾಗ ಅದರ ಬಾಯಲ್ಲಿ ವಿಷವಿರಲಿಲ್ಲವೆಂದು ಅರ್ಥ. ನಾಯಿ ತಪ್ಪಿಸಿಕೊಂಡರೆ?

"ತಪ್ಪಿಸಿಕೊಳ್ಳಬಾರದು" ಎಂದರು.

ಮೂರು ತಾಲೂಕುಗಳಲ್ಲಿ ಯಾವ ನಾಯಿಗೆ ಬೇಕಾದರೂ ಈ ಮಾತು ಹೇಳಬಹುದಿತ್ತು.

ಊರಿಗೆ ಬಂದಾಗ ಒಬ್ಬರು ಕೋವಿಯ ಮಾತೆತ್ತಿದರು. ಅಕ್ಕ ಅವರ ಬಾಯಿ ಮುಚ್ಚಿಸಿದರು: "ಕೊಂದರೆ ಎಂತ ಗೊತ್ತಾಗುವುದು? ಬದುಕಿದರಲ್ಲವಾ ಗೊತ್ತಾಗುವುದು!"

ಬೊಗ್ಗುವಿಗೆ ಸರಪಳಿ ಹಾಕಿದೆ. ಕುತ್ತಿಗೆಗಿಂತ ತಲೆ ಸಣ್ಣದಾದ ಪ್ರಾಣಿ. ರಾತ್ರಿ ಹತ್ತರೊಳಗೆ ಕೊರಳಪಟ್ಟಿಯಿಂದ ಹೊರಬಂದಿತ್ತು. ಆಮೇಲೆ ನಾನು ಗೂಡಿನ ಮುಂದೆ ಕುರ್ಚಿ ಹಾಕಿ, ಟಾರ್ಚು ಹಿಡಿದು ಕುಳಿತೆ. ಹನ್ನೆರಡರವರೆಗೆ ನಾನು, ಮೂರರವರೆಗೆ ಮಗ, ಬೆಳಗಿನ ತನಕ ಮತ್ತೆ ನಾನು. ಕಾಫಿ ತಂದುಕೊಟ್ಟ ನನ್ನಾಕೆ, "ಮನೆ ಕಾಯಲು ನಾಯಿ ಸಾಕಿದೆವು. ಈಗ ನಾಯಿ ಕಾಯಲು ನೀವು" ಎಂದಳು. ಬೊಗ್ಗು ಮಣ್ಣು ಕೆದಕಿದರೆ ನಾನು ಕೆಮ್ಮುತ್ತಿದ್ದೆ. ಅದು ನಿಲ್ಲಿಸಿ ನನ್ನನ್ನು ನೋಡುತ್ತಿತ್ತು. ಇಷ್ಟು ಹೊತ್ತು ನಾವು ಪರಸ್ಪರ ಮುಖ ನೋಡಿದ್ದು ಅದೇ ಮೊದಲು. ನಾನು ಹುಡುಕುತ್ತಿದ್ದುದು ಪ್ರೀತಿಯನ್ನಲ್ಲ. ಕಣ್ಣು ಕೆಂಪಾಗಿದೆಯೇ, ಜೊಲ್ಲು ಸುರಿಯುತ್ತಿದೆಯೇ, ಬೊಗಳುವ ಸ್ವರ ಒಡೆದಿದೆಯೇ ಎಂಬುದನ್ನು.

ಮೂರನೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಹುಡುಗನಿಗೆ ಧೈರ್ಯ ಬರಲೆಂದು ಪಾಶ್ಚರನ ಕತೆ ಹೇಳಿದೆ. 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಲಸಿಕೆ ಹಾಕಿದ್ದು, ಅವನು ಬದುಕಿ ಬೆಳೆದು ದೊಡ್ಡವನಾದದ್ದು. ಮೇಷ್ಟರುಗಳ ಕತೆಗೆ ಮಕ್ಕಳು ಯಾವಾಗಲೂ ಬೇರೆ ಕಡೆಯಿಂದ ಪ್ರಶ್ನೆ ಹಾಕುತ್ತಾರೆ.

"ಅವನಿಗೆ ಕಚ್ಚಿದ ನಾಯಿ?"

"ಅದನ್ನು ಕೊಂದರು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೊಗ್ಗುವನ್ನು?"

ನಾನು ಉತ್ತರ ಹೇಳುವಷ್ಟರಲ್ಲಿ ಅವನ ಹೆಸರು ಕರೆದರು.

ಆರನೆಯ ದಿನ ಬೊಗ್ಗು ಊಟ ಬಿಟ್ಟಿತು. ಹಾಳೆಯಲ್ಲಿ ಹಾಕಿದ ಮಜ್ಜಿಗೆ ಅನ್ನವನ್ನು ಮೂಸಿ, ಮುಖ ತಿರುಗಿಸಿ ಮಲಗಿತು. ನೀರಿಟ್ಟೆ, ಕುಡಿಯಲಿಲ್ಲ. ನನ್ನ ಕೈಕಾಲು ತಣ್ಣಗಾದವು. ಅಕ್ಕನಿಗೆ ಹೇಳಬೇಕು. ತಡಮೆಯವರೆಗೆ ಹೋದೆ, ಹಿಂದಕ್ಕೆ ಬಂದೆ, ಮತ್ತೆ ಹೋದೆ. ಕೊನೆಗೆ ದಾಟಿ, ಅವರ ಅಂಗಳದಲ್ಲಿ ನಿಂತು, ನಾಯಿ ಅನ್ನ ಮುಟ್ಟುತ್ತಿಲ್ಲ ಎಂದೆ.

ಅಕ್ಕನ ಮುಖ ಮೊದಲು ಬಿಳಿಚಿತು. ಆಮೇಲೆ ಅವರು ಸೆರಗಿನ ತುದಿ ತಿರುಚತೊಡಗಿದರು. "ಮಧ್ಯಾಹ್ನ ನೀವು ಮಲಗಿದ್ದಿರಿ ಮಾಷ್ಟ್ರೇ. ಬಂಗುಡೆ ತಂದಿದ್ದೆ. ತಲೆ ಎಲ್ಲ ಸೇರಿಸಿ ಒಂದು ಸಟ್ಟಿ ಅನ್ನ ಕೊಟ್ಟೆ. ನಿನ್ನೆಯೂ ಕೊಟ್ಟಿದ್ದೆ. ನಿಮ್ಮ ಮಜ್ಜಿಗೆಯಲ್ಲಿ ಅದು ಹತ್ತು ದಿನ ಬದುಕುವುದುಂಟಾ?"

"ಕೈ ಒಳಗೆ ಹಾಕಿದಿರಾ?"

"ಇಲ್ಲಪ್ಪ. ಕೋಲಿನಲ್ಲಿ ನೂಕಿದೆ. ಸಾರೂ ಇತ್ತು, ಕುಡಿದಿದೆ. ನೀರು ಯಾಕೆ ಬೇಕು ಅದಕ್ಕೆ?"

ನಾಲ್ಕು ವರ್ಷಗಳಿಂದ ನಮ್ಮ ನಾಯಿಗಳು ಬೇಲಿ ಹಾರಿ ಹೋಗುತ್ತಿದ್ದುದು ಕೋಳಿಗೆ ಮಾತ್ರವಲ್ಲವೆಂದು ನನಗೆ ಆ ಸಂಜೆ ತಿಳಿಯಿತು.

ಹತ್ತು ದಿನ ಕಳೆಯಿತು. ಬೊಗ್ಗು ತೂಕ ಹೆಚ್ಚಿಸಿಕೊಂಡಿತ್ತು. ಹನ್ನೊಂದನೆಯ ದಿನ ಪಶುವೈದ್ಯರನ್ನು ಮನೆಗೇ ಕರೆಸಿ ಎರಡಕ್ಕೂ ಲಸಿಕೆ ಹಾಕಿಸಿದೆ. ಆಮೇಲೆ ಬೀಗ ತೆಗೆದು, ತಂತಿ ಬಿಚ್ಚಿ, ಬಾಗಿಲನ್ನು ಪೂರ್ತಿ ತೆರೆದು ನಿಂತೆ. ಬೊಗ್ಗು ಬಾಗಿಲನ್ನು ಒಮ್ಮೆ ನೋಡಿತು. ಆಮೇಲೆ ಮೂಲೆಗೆ ಹೋಗಿ, ತನ್ನ ಹಳೆಯ ಗುಂಡಿಯ ಕಲ್ಲನ್ನು ಸರಿಸಿ, ಬೇಲಿಯ ಅಡಿಯಿಂದ ಹೊರಗೆ ಹೋಯಿತು.

ಹುಡುಗ ಇನ್ನೂ ತೋಟದ ದಾರಿಯಲ್ಲಿ ಬರುವುದಿಲ್ಲ; ರಸ್ತೆಯಲ್ಲಿ ಸುತ್ತಿ, ಕೈಯಲ್ಲಿ ಕೋಲು ಹಿಡಿದು ಬರುತ್ತಾನೆ. ನಾನು ಬೇಲಿಯ ಅಡಿಗೆ ಎರಡು ವರಸೆ ಕಲ್ಲು ಕಟ್ಟಿಸಿದ್ದೇನೆ. 28ನೆಯ ದಿನ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಬಸ್ಸಿನಲ್ಲಿ ಹಿಂದಿರುಗುವಾಗ ಕೇಳಿದ:

"ಬೊಗ್ಗುವಿಗೆ ಎಷ್ಟು ಚುಚ್ಚಿದರು?"

"ಒಂದು."

"ಅತ್ತಿತಾ?"

"ಸ್ವಲ್ಪ."

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. "ನನಗೆ ಎಂಟು. ಗಾಯಕ್ಕೆ ಹಾಕಿದ್ದು ಬೇರೆ."