ಗಣಕಕ್ಕೆ ನುಡಿ ಕಲಿಸಿದ ಸಂಖ್ಯಾಶಾಸ್ತ್ರಜ್ಞ

ಶಾಸ್ತ್ರಗಳಲ್ಲಿ ಸಿದ್ಧಾಂತವನ್ನು ಕಂಡವನಿಗೆ ಸಲ್ಲುವ ಗೌರವವು ಉಪಕರಣವನ್ನು ಮಾಡಿಕೊಟ್ಟವನಿಗೆ ಬೇಗನೆ ಸಲ್ಲುವುದಿಲ್ಲ. ಆದರೂ ಉಪಕರಣವಿಲ್ಲದೆ ಸಿದ್ಧಾಂತವು ಲೋಕವನ್ನು ತಲಪುವುದು ಕಷ್ಟ. ಜಾನ್ ಚೇಂಬರ್ಸ್ ಅವರ ಜೀವಿತವು ಇದಕ್ಕೆ ಉಜ್ಜ್ವಲ ನಿದರ್ಶನ.

1941ರಲ್ಲಿ ಜನಿಸಿದ ಚೇಂಬರ್ಸ್, ಟೊರಾಂಟೊದಲ್ಲಿ ಪದವಿಯನ್ನೂ ಹಾರ್ವರ್ಡಿನಲ್ಲಿ ಡಾಕ್ಟರೇಟನ್ನೂ ಪಡೆದು, 1966ರಲ್ಲಿ ಅಮೆರಿಕೆಯ ದೂರವಾಣಿ ಉದ್ಯಮದ ಸಂಶೋಧನಾಲಯವಾದ ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ಅಂದು ಅಂಕಿಅಂಶಗಳ ಬಗೆಗೆ ಸಣ್ಣದೊಂದು ಸಂದೇಹ ಹುಟ್ಟಿದರೂ ಫೋರ್ಟ್ರಾನ್ ಭಾಷೆಯಲ್ಲಿ ಪ್ರತ್ಯೇಕ ಪ್ರೋಗ್ರಾಮನ್ನು ಬರೆಯಬೇಕಾಗಿತ್ತು. ಈ ತೊಡಕನ್ನು ನೀಗಲೆಂದು ಚೇಂಬರ್ಸ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ‘ಎಸ್’ ಎಂಬ ಗಣಕಭಾಷೆಯ ರಚನೆಗೆ ತೊಡಗಿದರು. ಇದರಲ್ಲಿ ಒಂದು ಸಾಲನ್ನು ಬರೆದೊಡನೆಯೇ ಉತ್ತರವೋ ನಕ್ಷೆಯೋ ಕಣ್ಮುಂದೆ ನಿಲ್ಲುವುದು. ಅದನ್ನು ಕಂಡು ಮುಂದಿನ ಪ್ರಶ್ನೆಯನ್ನು ಕೇಳಬಹುದು. ಲೆಕ್ಕವು ಹೀಗೆ ಸಂವಾದವಾಯಿತು.

ಉದ್ಯಮದ ಆಶ್ರಯದಲ್ಲಿ ಹುಟ್ಟಿದ ಕೃತಿಯು ಉದ್ಯಮದ ಸ್ವತ್ತು. ಎಸ್ ಭಾಷೆಯ ಹಕ್ಕು 2004ರಲ್ಲಿ 20 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಅಷ್ಟರೊಳಗೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ಅಧ್ಯಾಪಕರಾದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಅದೇ ಮಾದರಿಯಲ್ಲಿ ‘ಆರ್’ ಎಂಬ ಭಾಷೆಯನ್ನು ರಚಿಸಿ, 1995ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಒಪ್ಪಿಸಿದ್ದರು. ಮೂಲಕರ್ತೃವು ಇದನ್ನು ಪ್ರತಿಸ್ಪರ್ಧಿಯೆಂದು ದೂರವಿಡಬಹುದಾಗಿತ್ತು. ಚೇಂಬರ್ಸ್ ಹಾಗೆ ಮಾಡಲಿಲ್ಲ. ಆರ್ ಭಾಷೆಯನ್ನು ಪೋಷಿಸುವ ಮೂಲತಂಡದಲ್ಲಿ ತಾವೂ ಒಬ್ಬರಾದರು. 2005ರಲ್ಲಿ ಬೆಲ್ ಪ್ರಯೋಗಶಾಲೆಯಿಂದ ನಿವೃತ್ತರಾದ ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನವನ್ನು ಕೈಗೊಂಡರು.

ಇದಕ್ಕೆ ಮೊದಲೇ, 1998ರಲ್ಲಿ, ಅಮೆರಿಕೆಯ ಗಣಕತಜ್ಞರ ಸಂಘವಾದ ಎ.ಸಿ.ಎಂ., ಎಸ್ ಭಾಷೆಗಾಗಿ ಅವರಿಗೆ ತನ್ನ ಸಾಫ್ಟ್‌ವೇರ್ ಪ್ರಶಸ್ತಿಯನ್ನಿತ್ತು ಗೌರವಿಸಿತ್ತು. ಅದರೊಡನೆ ಬಂದ 10,000 ಡಾಲರುಗಳನ್ನು ಚೇಂಬರ್ಸ್ ತಮಗಾಗಿ ಇರಿಸಿಕೊಳ್ಳದೆ ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘಕ್ಕೆ ನೀಡಿದರು. ಸಂಖ್ಯಾಶಾಸ್ತ್ರಕ್ಕೆ ಉಪಯುಕ್ತವಾದ ಹೊಸ ಸಾಫ್ಟ್‌ವೇರನ್ನು ರಚಿಸುವ ವಿದ್ಯಾರ್ಥಿಗಳಿಗೆ ಅವರ ಹೆಸರಿನ ಬಹುಮಾನವು ಆ ನಿಧಿಯಿಂದ ಏರ್ಪಟ್ಟಿತು.

ಉದ್ಯಮವು ಅವರಿಗೆ ಅವಕಾಶವನ್ನಿತ್ತಿತು, ವಿದ್ಯಾಲಯವು ಶಿಷ್ಯರನ್ನಿತ್ತಿತು. ತಾವು ಮಾಡಿದ್ದು ತಮ್ಮ ಕೈಬಿಟ್ಟು ಮಾರಾಟವಾದರೂ, ಅದರ ಬೀಜವು ಬೇರೊಬ್ಬರ ಹೊಲದಲ್ಲಿ ಮೊಳೆತಾಗ ಅಲ್ಲಿಗೇ ಹೋಗಿ ನೀರೆರೆದವರು ಅವರು. ಶುಲ್ಕ ತೆರಲಾರದ ವಿದ್ಯಾರ್ಥಿಯೂ ಇಂದು ಆರ್ ಭಾಷೆಯನ್ನು ಕಲಿಯಬಲ್ಲನಾದರೆ, ಅದರಲ್ಲಿ ಈ ಔದಾರ್ಯದ ಪಾಲೂ ಉಂಟು.