ಮಂಜಿನ ಕಣಿವೆಯಲ್ಲಿ ಉಪ್ಪಿನ ಋಣ

ಭೂಮಿಯಲ್ಲಿ ಸಂಚರಿಸಿ, ಗತಿಸಿಹೋದ ಜನಾಂಗಗಳ ಪರಿಣಾಮವನ್ನು ಕಣ್ಣಾರೆ ಕಾಣಬೇಕೆಂದು ಪವಿತ್ರ ಕುರ್‌ಆನ್ ಹಲವೆಡೆ ನಮ್ಮನ್ನು ಕರೆಯುತ್ತದೆ. ಪಾಳುಬಿದ್ದ ಕೋಟೆಯ ಮುಂದೆ ನಿಂತಾಗ ಈ ಕರೆಯ ಅರ್ಥವು ಗ್ರಂಥಗಳ ಓದಿಗಿಂತ ಬೇಗನೆ ಮನದಟ್ಟಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನ ಒತ್ತಾಯಕ್ಕೆ ಮಣಿದು, ಆ ನಾಡಿನ ಉತ್ತರದ ಮಲೆಸೀಮೆಯಲ್ಲಿ ಒಂದು ದಿನದ ಬಸ್ ಪ್ರವಾಸ ಕೈಗೊಂಡಾಗ ನಮಗಾದ ಅನುಭವವೂ ಅದೇ.

ಅಂದು ಮುಂಜಾನೆಯಿಂದಲೇ ಮಳೆ. ನಮ್ಮ ಕರಾವಳಿಯ ಮಳೆಯಂತೆ ಅದು ಅಬ್ಬರಿಸಿ ಸುರಿಯುವುದಿಲ್ಲ. ಜರಡಿ ಹಿಡಿದ ಹಿಟ್ಟಿನಂತೆ ಸದ್ದಿಲ್ಲದೆ ಉದುರುತ್ತದೆ. ಬ್ರಿಟನ್ ದ್ವೀಪದಲ್ಲೇ ಅತಿ ವಿಸ್ತಾರವಾದ ಲೋಮಂಡ್ ಸರೋವರವು ಅರ್ಧ ನೀರಾಗಿ, ಅರ್ಧ ಮಂಜಾಗಿ ಕಂಡಿತು. ಸರೋವರಕ್ಕೆ ಅಲ್ಲಿಯವರು 'ಲಾಖ್' ಎನ್ನುತ್ತಾರೆ. ಕಂಠದ ಆಳದಿಂದ ಹೊರಡುವ ಆ ಕೊನೆಯ ಅಕ್ಷರವು ಅರಬಿಯ 'ಖಾ' ಅಕ್ಷರವನ್ನೇ ಹೋಲುತ್ತದೆ. ಮದ್ರಸದಲ್ಲಿ ಮಕ್ಕಳಿಂದ ಆ ಅಕ್ಷರವನ್ನು ಸರಿಯಾಗಿ ಹೇಳಿಸಲು ವರ್ಷಗಟ್ಟಲೆ ಹೆಣಗಿದ ನಮಗೆ, ಬಸ್ಸಿನ ಚಾಲಕ ಅದನ್ನು ಸಲೀಸಾಗಿ ಉಚ್ಚರಿಸಿದ್ದು ಕೇಳಿ ನಗು ಬಂತು.

ಮುಂದೆ ರ‍್ಯಾನಕ್ ಎಂಬ ಜೌಗುಬಯಲನ್ನು ದಾಟಿ ಗ್ಲೆನ್ಕೋ ಕಣಿವೆಯನ್ನು ಸೇರಿದೆವು. ಇಬ್ಬದಿಯಲ್ಲೂ ಕಡಿದಾದ ಬೆಟ್ಟಗಳು, ಅವುಗಳ ಮೈಮೇಲೆ ಬೆಳ್ಳಿಯ ಎಳೆಗಳಂತೆ ಇಳಿಯುವ ನೂರಾರು ತೊರೆಗಳು. ಸೃಷ್ಟಿಕರ್ತನ ಕೌಶಲವನ್ನು ಕೊಂಡಾಡುತ್ತಿದ್ದ ನಮ್ಮ ನಾಲಿಗೆಯು, ಆ ಕಣಿವೆಯ ಇತಿಹಾಸ ಕೇಳಿದೊಡನೆ ಸ್ತಬ್ಧವಾಯಿತು.

ಬೆಟ್ಟದ ಕುಲಗಳ ನಾಯಕರೆಲ್ಲರೂ 1692ರ ಜನವರಿ 1ರೊಳಗೆ ರಾಜ ವಿಲಿಯಮನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಗಿತ್ತು. ಗ್ಲೆನ್ಕೋದ ಮ್ಯಾಕ್‌ಡೊನಾಲ್ಡ್ ಕುಲದ ವೃದ್ಧ ನಾಯಕನು ಪ್ರಮಾಣ ಮಾಡಲು ಹೊರಟನಾದರೂ, ಮೊದಲು ತಲುಪಿದ ಊರಿನಲ್ಲಿ ಅದನ್ನು ಸ್ವೀಕರಿಸುವ ಅಧಿಕಾರಿ ಇರಲಿಲ್ಲ. ಹಿಮದಲ್ಲಿ ಇನ್ನೊಂದು ಊರಿಗೆ ನಡೆದು ಪ್ರಮಾಣ ಮಾಡುವಾಗ ಜನವರಿ 6 ಆಗಿತ್ತು. ಆ ಕೆಲವು ದಿನಗಳ ವಿಳಂಬವೇ ಆಳುವವರಿಗೆ ನೆಪವಾಯಿತು. ಸುಮಾರು 120 ಸೈನಿಕರು ಕಣಿವೆಗೆ ಬಂದು ಆಶ್ರಯ ಕೇಳಿದರು. ಹಳ್ಳಿಗರು ಅವರನ್ನು ಮನೆಮನೆಗಳಲ್ಲಿ ಇರಿಸಿಕೊಂಡು ಸುಮಾರು ಹನ್ನೆರಡು ದಿನ ಉಣಬಡಿಸಿದರು. ಫೆಬ್ರವರಿ 13ರ ನಸುಕಿನಲ್ಲಿ ಆ ಅತಿಥಿಗಳೇ ಎದ್ದು ಆತಿಥೇಯರನ್ನು ಕೊಂದರು. ಸುಮಾರು 38 ಮಂದಿ ಹತರಾದರು. ಹಿಮದಲ್ಲಿ ಓಡಿದ ಹೆಂಗಸರು, ಮಕ್ಕಳು ಅನೇಕರು ಚಳಿಗೆ ಬಲಿಯಾದರು. 1695ರಲ್ಲಿ ವಿಚಾರಣಾ ಆಯೋಗವೊಂದು ಇದನ್ನು ಕೊಲೆಯೆಂದೇ ಹೇಳಿತು. ಆದರೂ ಯಾರಿಗೂ ಶಿಕ್ಷೆಯಾಗಲಿಲ್ಲ.

ಅತಿಥಿಯನ್ನು ಮೂರು ದಿನ ಸತ್ಕರಿಸುವುದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ ಶಿಷ್ಟಾಚಾರ. ಆ ಬಡ ಹಳ್ಳಿಗರು ಅದರ ನಾಲ್ಕು ಪಟ್ಟು ದಿನ ಸತ್ಕರಿಸಿದ್ದರು. ಆ ನಾಡಿನಲ್ಲಿ ಎಷ್ಟೋ ಯುದ್ಧಗಳು ನಡೆದಿವೆ, ಹೆಚ್ಚಿನವನ್ನು ಜನರು ಮರೆತಿದ್ದಾರೆ. ಉಂಡ ಮನೆಗೆ ಬಗೆದ ಈ ದ್ರೋಹವನ್ನು ಮಾತ್ರ ಮೂರು ಶತಮಾನ ಕಳೆದರೂ ಮರೆತಿಲ್ಲ.

ಮಧ್ಯಾಹ್ನ ಫೋರ್ಟ್ ಅಗಸ್ಟಸ್ ಎಂಬಲ್ಲಿ ಬಸ್ಸು ನಿಂತಾಗ, ಕಾಲುವೆಯ ದಂಡೆಯ ಸೂರಿನಡಿ ಮುಸಲ್ಲಾ ಹಾಸಿ ಝುಹ್ರ್ ಮತ್ತು ಅಸ್ರ್ ನಮಾಝ್‌ಗಳನ್ನು ಜೊತೆಗೂಡಿಸಿ ನಿರ್ವಹಿಸಿದೆವು. ಎದುರಿಗೆ ನೆಸ್ ಸರೋವರ ಕಪ್ಪಗೆ ಹರಡಿತ್ತು. ಬೆಟ್ಟಗಳಿಂದ ಇಳಿಯುವ ಜೌಗುಮಣ್ಣು ಅದರ ನೀರಿಗೆ ಆ ಬಣ್ಣ ಕೊಟ್ಟಿದೆ. ಆಳ ಸುಮಾರು 230 ಮೀಟರ್. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸರೋವರಗಳ ನೀರನ್ನು ಕೂಡಿಸಿದರೂ ಇದಕ್ಕೆ ಸಮವಾಗದು. ಸಹಪ್ರಯಾಣಿಕರೆಲ್ಲ ಅದರಲ್ಲಿ ಅಡಗಿದೆಯೆನ್ನಲಾದ ದೈತ್ಯಜೀವಿಗಾಗಿ ಕಣ್ಣರಳಿಸಿ ನೋಡುತ್ತಿದ್ದರು. 1934ರಲ್ಲಿ ಜಗತ್ತನ್ನು ನಂಬಿಸಿದ ಅದರ ಪ್ರಸಿದ್ಧ ಚಿತ್ರವು ನಕಲಿಯೆಂದು ಎಂದೋ ಸಾಬೀತಾಗಿದೆ. ಇಲ್ಲದ ಮೃಗದ ಕಥೆಯನ್ನು ಎಲ್ಲರೂ ಬಲ್ಲರು. ಇದ್ದ ಮನುಷ್ಯರ ಕಥೆಯನ್ನು ಕೇಳುವವರು ಕಡಿಮೆ.

ಆ ಸರೋವರದ ದಡದಲ್ಲೇ ಅರ್ಕರ್ಟ್ ಕೋಟೆಯಿದೆ. ಅದನ್ನು ಕೆಡವಿದ್ದು ಶತ್ರುಗಳಲ್ಲ. ಅದೇ 1692ರಲ್ಲಿ, ಕೋಟೆ ವಿರೋಧಿಗಳ ಕೈಸೇರಬಾರದೆಂದು ಸರಕಾರದ ಸೈನಿಕರೇ ಹೊರಡುವಾಗ ಸಿಡಿಮದ್ದಿಟ್ಟು ಸ್ಫೋಟಿಸಿದರು. ಮಳೆಯಲ್ಲಿ ನೆನೆಯುತ್ತಿದ್ದ ಆ ಒಂಟಿ ಗೋಪುರದ ಬಳಿ ನಿಂತಾಗ ಸೋದರಳಿಯ ಕೇಳಿದ: "ಮಾಮಾ, ಶ್ರೀರಂಗಪಟ್ಟಣ ನೆನಪಾಗುತ್ತದೆ ಅಲ್ಲವೇ?"

ಆ ನೆನಪಿಗೆ ಕಾರಣವಿದೆ. ಅಲ್ಲಿಂದ ಅನತಿ ದೂರದಲ್ಲಿ, ಇನ್ವರ್ನೆಸ್ ಪಟ್ಟಣದ ಬಳಿ ಡುನೈನ್ ಎಂಬ ಸ್ಥಳವಿದೆ. ಕರ್ನಲ್ ವಿಲಿಯಂ ಬೇಲಿ ಆ ಮನೆತನದವನು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಕದನದಲ್ಲಿ ಹೈದರಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯಕ್ಕೆ ಸೆರೆಸಿಕ್ಕು, 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಬಂದಿಯಾಗಿ ಕೊನೆಯುಸಿರೆಳೆದ. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರಲಿಯೂ ತೀರಿಕೊಂಡರು. 1799ರಲ್ಲಿ ನಮ್ಮ ಕೋಟೆಗೆ ಲಗ್ಗೆಯಿಟ್ಟ ಪಡೆಯಲ್ಲೂ ಈ ಮಲೆಸೀಮೆಯ ಹೆಸರು ಹೊತ್ತ ರೆಜಿಮೆಂಟುಗಳಿದ್ದವು. ಇಂತಹ ಎಷ್ಟೋ ಸೈನಿಕರ ತವರಿನ ಹಳ್ಳಿಗಳನ್ನು ಅವರ ಭೂಮಾಲೀಕರೇ ಮುಂದೆ ಕುರಿ ಸಾಕಣೆಗಾಗಿ ಖಾಲಿ ಮಾಡಿಸಿದರು. ದಾರಿಯುದ್ದಕ್ಕೂ ನಾವು ಕಂಡ ಜನರಿಲ್ಲದ ಕಣಿವೆಗಳಲ್ಲಿ ಹಲವು ಹೀಗೆ ಬರಿದಾದವು. ಅನ್ಯರ ಕೋಟೆ ಒಡೆಯಲು ಹೋದವರ ಸ್ವಂತ ಮನೆಗಳ ಒಲೆಯೇ ಆರಿಹೋಯಿತು.

ಪ್ರತಿವರ್ಷ ನಮ್ಮ ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣದ ಗುಂಬಝ್‌ಗೆ ಕರೆದೊಯ್ಯುವುದು ವಾಡಿಕೆ. ಅದರ ಬಳಿಯಲ್ಲೇ 1816ರಲ್ಲಿ ಕಟ್ಟಿಸಿದ ಬೇಲಿಯ ಸ್ಮಾರಕವಿದೆ. "ಶತ್ರುವಿನ ಸ್ಮಾರಕ ಇಲ್ಲೇಕೆ ಉಸ್ತಾದ್?" ಎಂದು ಮಕ್ಕಳು ಕೇಳುವುದುಂಟು. ಮರಣದ ನಂತರ ಮನುಷ್ಯನು ಯಾರ ಶತ್ರುವೂ ಅಲ್ಲ, ಆತನ ಲೆಕ್ಕವು ಅಲ್ಲಾಹನ ಬಳಿಯಲ್ಲಿದೆ ಎಂದು ನಾವು ಉತ್ತರಿಸುತ್ತೇವೆ. ಗ್ಲೆನ್ಕೋವನ್ನು ಕಂಡ ಮೇಲೆ ಇನ್ನೊಂದು ಮಾತನ್ನೂ ಸೇರಿಸಬೇಕೆನಿಸುತ್ತಿದೆ: ದೂರದ ಮಂಜಿನ ನಾಡಿನಿಂದ ಬಂದು ನಮ್ಮ ಮಣ್ಣಿನಲ್ಲೇ ಉಳಿದುಹೋದವನು ಈಗ ನಮ್ಮ ಅತಿಥಿ. ಅವನ ನೆನಪಿನ ಕಲ್ಲಿಗೆ ಕೇಡಾಗದಂತೆ ನೋಡಿಕೊಳ್ಳುವುದು ಆತಿಥೇಯರಾದ ನಮಗೆ ವಹಿಸಲಾದ ಅಮಾನತ್ತು. ಮುಂದಿನ ಬಾರಿ ಮಕ್ಕಳೊಂದಿಗೆ ಗುಂಬಝ್‌ಗೆ ಹೋದಾಗ, ಆ ಕಲ್ಲಿನ ಮುಂದೆಯೂ ಒಂದು ಕ್ಷಣ ನಿಲ್ಲಿರಿ. ಅವನ ಊರಿನ ಕಥೆಯನ್ನೂ ಅವರಿಗೆ ಹೇಳಿರಿ.